ಗೆಲಾಕ್ಸಿಯ ಚಿತ್ರ ಯಾವ ಪ್ರಮಾಣ?

ಹವ್ಯಾಸಿ ಖಗೋಳವೀಕ್ಷಕರು ಮನೆಯ ತಾರಸಿಯಿಂದಲೋ ಊರಾಚೆಯ ಬಯಲಿನಿಂದಲೋ ತೆಗೆಯುವ ಗೆಲಾಕ್ಸಿಯ ಛಾಯಾಚಿತ್ರ ಜ್ಞಾನಮೀಮಾಂಸೆಗೆ ಒಂದು ತೊಡಕಿನ ಪ್ರಶ್ನೆಯನ್ನು ಒಡ್ಡುತ್ತದೆ. ಆ ಚಿತ್ರದಲ್ಲಿರುವುದನ್ನು ಯಾರ ಕಣ್ಣೂ ಕಂಡಿಲ್ಲ. ರಾತ್ರಿಯಿಡೀ ದೂರದರ್ಶಕದ ಪಕ್ಕದಲ್ಲೇ ಕೂತಿದ್ದವರೂ ಕಂಡಿಲ್ಲ. ಆದರೂ ನೋಡಿದವರು ‘ಇದು ಆಂಡ್ರೊಮಿಡಾ’ ಎನ್ನುತ್ತಾರೆಯೇ ಹೊರತು ‘ಆಂಡ್ರೊಮಿಡಾ ಇದೆಯೆಂದು ಇದರಿಂದ ಊಹಿಸಬಹುದು’ ಎನ್ನುವುದಿಲ್ಲ. ಹಾಗಾದರೆ ಚಿತ್ರದಿಂದ ಬರುವ ಅರಿವು ಪ್ರತ್ಯಕ್ಷವೇ, ಅನುಮಾನವೇ, ಅಥವಾ ಉಪಕರಣವನ್ನು ಆಪ್ತನೆಂದು ನಂಬಿ ಪಡೆದ ಶಬ್ದಪ್ರಮಾಣವೇ? ಭಾರತೀಯ ದರ್ಶನಗಳಲ್ಲಿ ಇದಕ್ಕೆ ಸಿದ್ಧ ಉತ್ತರವಿಲ್ಲ. ಆದರೆ ಉತ್ತರ ಹುಡುಕಲು ಬೇಕಾದ ಸಲಕರಣೆ ಅಲ್ಲಿ ಧಾರಾಳವಾಗಿದೆ.

ಪರಿಶೀಲನೆಗೆ ಆಂಡ್ರೊಮಿಡಾ ಗೆಲಾಕ್ಸಿಯೇ ಅನುಕೂಲ. ದೇವಯಾನಿ ನಕ್ಷತ್ರಪುಂಜದಲ್ಲಿರುವ ಇದು ಮೆಸ್ಸಿಯೆ ಪಟ್ಟಿಯಲ್ಲಿ 31ನೆಯದು. ದೂರ ಸುಮಾರು 25 ಲಕ್ಷ ಜ್ಯೋತಿರ್ವರ್ಷ. ಚಂದ್ರನಿಲ್ಲದ ಕಪ್ಪು ಆಕಾಶದಲ್ಲಿ ಬರಿಗಣ್ಣಿಗೆ ಮಸುಕಾದ ಮಚ್ಚೆಯಂತೆ ಕಾಣುತ್ತದೆ. ಪರ್ಷಿಯಾದ ಅಲ್‌-ಸೂಫಿ 964ರ ಸುಮಾರಿಗೆ ಬರೆದ ಸ್ಥಿರನಕ್ಷತ್ರಗಳ ಗ್ರಂಥದಲ್ಲಿ ಅದನ್ನು ಪುಟ್ಟ ಮೋಡವೆಂದು ಗುರುತಿಸಿದ್ದ. ಕಣ್ಣಿಗೆ ಸಿಗುವುದು ನಡುವಿನ ತಿರುಳು ಮಾತ್ರ. ಛಾಯಾಚಿತ್ರದಲ್ಲಾದರೆ ಅದರ ತಟ್ಟೆ ಆಕಾಶದಲ್ಲಿ ಮೂರು ಡಿಗ್ರಿಗೂ ಹೆಚ್ಚು ಹರಡಿರುವುದು, ಅಂದರೆ ಆರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು ಉದ್ದವಿರುವುದು ತಿಳಿಯುತ್ತದೆ.

ಆ ಚಿತ್ರ ಒಂದೇ ಏಟಿಗೆ ಬರುವುದಿಲ್ಲ. ದೂರದರ್ಶಕವನ್ನು ಭೂಮಿಯ ಅಕ್ಷಕ್ಕೆ ಸಮನಾಗಿ ಧ್ರುವದತ್ತ ಹೊಂದಿಸಿದ ಮೌಂಟಿನ ಮೇಲೆ ಕೂರಿಸಿ, ಭೂಮಿ ತಿರುಗುವ ವೇಗದಲ್ಲೇ ಅದನ್ನು ಎದುರು ದಿಕ್ಕಿಗೆ ತಿರುಗಿಸಲಾಗುತ್ತದೆ. ಕ್ಯಾಮೆರಾದ ಸೆನ್ಸರ್ ಕೆಲವು ನಿಮಿಷಗಳಿಗೊಮ್ಮೆ ಒಂದು ಫ್ರೇಮ್‌ನಂತೆ ಹತ್ತಾರು, ನೂರಾರು ಫ್ರೇಮ್‌ಗಳನ್ನು ಕೂಡಿಹಾಕುತ್ತದೆ. ಒಂದೊಂದೂ ಬಿಡಿಯಾಗಿ ನೋಡಿದರೆ ಹೆಚ್ಚುಕಡಿಮೆ ಕಪ್ಪು, ಅದರ ಮೇಲೆ ಒಂದಿಷ್ಟು ಕಾಳುಕಾಳಾದ ಗದ್ದಲ. ನಕ್ಷತ್ರಗಳನ್ನು ಗುರುತಾಗಿಟ್ಟು ಅವನ್ನೆಲ್ಲ ಒಂದರ ಮೇಲೊಂದು ಹೊಂದಿಸಿ ಸರಾಸರಿ ತೆಗೆದಾಗ ಗದ್ದಲ ಇಳಿದು ಬೆಳಕು ನಿಲ್ಲುತ್ತದೆ. ಫ್ರೇಮ್‌ಗಳನ್ನು ನಾಲ್ಕು ಪಟ್ಟು ಹೆಚ್ಚಿಸಿದರೆ ಸ್ಪಷ್ಟತೆ ಎರಡು ಪಟ್ಟು ಹೆಚ್ಚುತ್ತದೆ. ಲಾಭ ಯಾವಾಗಲೂ ವರ್ಗಮೂಲದ ಲೆಕ್ಕದಲ್ಲೇ. ಮುಚ್ಚಳ ಹಾಕಿ ತೆಗೆದ ಡಾರ್ಕ್ ಫ್ರೇಮ್‌ಗಳು ಸೆನ್ಸರಿನ ಸ್ವಂತ ಶಾಖದಿಂದ ಹುಟ್ಟಿದ ಸಂಕೇತವನ್ನು ಕಳೆಯಲು, ಸಮನಾಗಿ ಬೆಳಗಿದ ಮೇಲ್ಮೈಯನ್ನು ನೋಡಿ ತೆಗೆದ ಫ್ಲಾಟ್ ಫ್ರೇಮ್‌ಗಳು ಧೂಳಿನ ನೆರಳನ್ನೂ ಅಂಚಿನ ಮಬ್ಬನ್ನೂ ಸರಿಪಡಿಸಲು. ಕೊನೆಗೆ ಕತ್ತಲಲ್ಲಿ ಒತ್ತೊತ್ತಾಗಿ ಕೂತಿರುವ ಬೆಳಕಿನ ಅಂಕಿಗಳನ್ನು ಹಿಗ್ಗಿಸಿ ಕಣ್ಣಿಗೆ ಕಾಣುವ ಮಟ್ಟಕ್ಕೆ ತರಲಾಗುತ್ತದೆ.

ಇರುವ ವಸ್ತು ಏಕೆ ಕಾಣುವುದಿಲ್ಲ ಎಂಬುದಕ್ಕೆ ಈಶ್ವರಕೃಷ್ಣನ ಸಾಂಖ್ಯಕಾರಿಕೆ ತನ್ನ ಏಳನೆಯ ಕಾರಿಕೆಯಲ್ಲಿ ಎಂಟು ಕಾರಣ ಕೊಡುತ್ತದೆ: ಅತಿದೂರ, ಅತಿಸಾಮೀಪ್ಯ, ಇಂದ್ರಿಯದ ಊನ, ಮನಸ್ಸು ನೆಲೆನಿಲ್ಲದಿರುವುದು, ಸೂಕ್ಷ್ಮತೆ, ನಡುವಿನ ಅಡ್ಡಿ, ಅಭಿಭವ ಅಂದರೆ ಹೆಚ್ಚು ಪ್ರಬಲವಾದದ್ದು ಮುಚ್ಚಿಬಿಡುವುದು, ಸಮಾನಾಭಿಹಾರ ಅಂದರೆ ತನ್ನಂಥವುಗಳಲ್ಲೇ ಬೆರೆತುಹೋಗುವುದು. ಪ್ರಕೃತಿ ಕಾಣದಿರುವುದು ಅದು ಇಲ್ಲವೆಂದಲ್ಲ, ಸೂಕ್ಷ್ಮವೆಂದು ಎಂಬ ವಾದಕ್ಕೆ ಪೀಠಿಕೆಯಾಗಿ ಈ ಪಟ್ಟಿ ಬರುತ್ತದೆ. ಆದರೆ ಆಕಾಶದ ಛಾಯಾಚಿತ್ರಕಾರರ ಸಂಕಟಗಳ ಪಟ್ಟಿಯಾಗಿಯೂ ಇದಕ್ಕಿಂತ ಅಚ್ಚುಕಟ್ಟಾದದ್ದು ಸಿಗುವುದು ಕಷ್ಟ.

ಅಭಿಭವಕ್ಕೆ ಹಳೆಯ ವ್ಯಾಖ್ಯಾನಕಾರರು ಕೊಡುವ ಉದಾಹರಣೆಯೇ ಆಕಾಶದ್ದು: ಹಗಲಿನಲ್ಲಿ ಸೂರ್ಯನ ತೇಜಸ್ಸು ಗ್ರಹನಕ್ಷತ್ರಗಳನ್ನು ಮುಚ್ಚುತ್ತದೆ. ಇಂದು ಆ ಕೆಲಸವನ್ನು ಬೀದಿದೀಪಗಳೂ ಮಾಡುತ್ತವೆ. ಬೆಂಗಳೂರಿನ ಹವ್ಯಾಸಿಗಳು ಅಮಾವಾಸ್ಯೆಯ ಆಸುಪಾಸಿನಲ್ಲಿ ಊರು ಬಿಟ್ಟು ದೂರ ಹೋಗುವುದು, ಅನುಕೂಲವಿದ್ದವರು ಲಡಾಖಿನ ಹಾನ್ಲೆಯವರೆಗೂ ಹೋಗುವುದು ಇದಕ್ಕಾಗಿ. ಸುಮಾರು 4,500 ಮೀಟರ್ ಎತ್ತರದ ಹಾನ್ಲೆಯಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯವಿದೆ. ಅದರ ಸುತ್ತಲಿನ ಪ್ರದೇಶ ಕಪ್ಪು ಆಕಾಶದ ಮೀಸಲು ತಾಣ. ನಗರದ ಬೆಳಕನ್ನು ಕಂಪ್ಯೂಟರಿನಲ್ಲಿ ಕಳೆದುಬಿಡಬಹುದಲ್ಲ ಎಂದು ತೋರಬಹುದು. ಕಳೆಯಲು ಸಿಗುವುದು ಆ ಬೆಳಕಿನ ಸರಾಸರಿ ಮಾತ್ರ. ಅದರ ಏರಿಳಿತ ಚಿತ್ರದಲ್ಲೇ ಉಳಿಯುತ್ತದೆ. ಇಲ್ಲಿ ಅಭಿಭವ ಸಮಾನಾಭಿಹಾರವಾಗಿ ಮಾರ್ಪಡುತ್ತದೆ. ಕಾಳಿನ ರಾಶಿಗೆ ಬಿದ್ದ ಒಂದು ಕಾಳನ್ನು ಮತ್ತೆ ಗುರುತಿಸಲಾಗದು ಎನ್ನುತ್ತಾರೆ ವ್ಯಾಖ್ಯಾನಕಾರರು. ಸೆನ್ಸರಿನ ಒಂದು ಪಿಕ್ಸೆಲಿನಲ್ಲಿ ಸಡಿಲಗೊಂಡ ಎಲೆಕ್ಟ್ರಾನ್ ಗೆಲಾಕ್ಸಿಯ ಫೋಟಾನಿನಿಂದ ಬಂದದ್ದೋ ಬೀದಿದೀಪದಿಂದ ಬಂದದ್ದೋ ಎಂದು ಆ ಎಲೆಕ್ಟ್ರಾನನ್ನು ನೋಡಿ ಹೇಳಲು ಯಾವ ಉಪಾಯವೂ ಇಲ್ಲ. ‘ಇಲ್ಲಿ ಗೆಲಾಕ್ಸಿಯ ಬೆಳಕಿದೆ’ ಎಂಬ ಮಾತು ಬಿಡಿ ಕಣಗಳ ಬಗ್ಗೆ ಹೇಳಿದ್ದಲ್ಲ, ಸಮೂಹದ ಬಗ್ಗೆ ಹೇಳಿದ್ದು. ಇದು ಚಿತ್ರದ ಮೊದಲ ಅಚ್ಚರಿ: ನೋಡುವವರಿಗೆ ಅದು ಒಂದು ನೋಟ, ಒಳಗೆ ಅದೊಂದು ಲೆಕ್ಕ.

ಅಡ್ಡಿ ಎಂಬ ಕಾರಣವೂ ಅಕ್ಷರಶಃ ಸತ್ಯ. ಹಾಲುಹಾದಿಯ ತಟ್ಟೆಯಲ್ಲಿರುವ ಧೂಳಿನ ಹಿಂದೆ ಎಷ್ಟೋ ಗೆಲಾಕ್ಸಿಗಳು ಕಣ್ಣಿಗೂ ಕ್ಯಾಮೆರಾಕ್ಕೂ ಸಿಗದೆ ಉಳಿದಿವೆ. ಅತಿಸಾಮೀಪ್ಯವೂ ಹಾಗೆಯೇ: ಕೋಟ್ಯಂತರ ಜ್ಯೋತಿರ್ವರ್ಷ ಆಚೆಗಿನ ಗೆಲಾಕ್ಸಿಗಳ ಸುರುಳಿಯನ್ನು ಹವ್ಯಾಸಿಗಳು ಸಲೀಸಾಗಿ ತೆಗೆಯುತ್ತಾರೆ, ತಾವೇ ಒಳಗಿರುವ ಹಾಲುಹಾದಿಯನ್ನು ಹೊರಗಿನಿಂದ ಇಡಿಯಾಗಿ ತೆಗೆದ ಚಿತ್ರ ಯಾರ ಬಳಿಯೂ ಇಲ್ಲ.

ಮೊದಲ ಕಾರಣವಾದ ಅತಿದೂರವೇ ಎಲ್ಲಕ್ಕಿಂತ ದೊಡ್ಡದು ಎಂದು ಅನ್ನಿಸುವುದು ಸಹಜ. ಅಲ್ಲಿ ಮಾತ್ರ ಪಟ್ಟಿ ದಾರಿ ತಪ್ಪಿಸುತ್ತದೆ. ಆಂಡ್ರೊಮಿಡಾದಂಥ ಹರಡಿದ ವಸ್ತುವಿನ ಹತ್ತಿರ ಹೋದಷ್ಟೂ ಅದು ದೊಡ್ಡದಾಗಿ ಕಾಣುತ್ತದೆ, ಆದರೆ ಅದರ ಮೇಲ್ಮೈಯ ಪ್ರಕಾಶ ಹೆಚ್ಚುವುದಿಲ್ಲ. ಬರುವ ಬೆಳಕು ಹೆಚ್ಚಿದಷ್ಟೇ ಅದು ಹರಡುವ ಜಾಗವೂ ಹೆಚ್ಚುತ್ತದೆ. ಒಂದು ಗೆಲಾಕ್ಸಿಯ ಒಳಗೇ ಕೂತು ನೋಡಿದರೂ ಅದು ಬೂದುಬಣ್ಣದ ಪಟ್ಟಿ ಎಂಬುದಕ್ಕೆ ಹಾಲುಹಾದಿಯೇ ಸಾಕ್ಷಿ. ಮಂದ ಬೆಳಕಿನಲ್ಲಿ ಕೆಲಸ ಮಾಡುವ ಕಣ್ಣಿನ ದಂಡಕೋಶಗಳು ಬಣ್ಣ ಹೇಳಲಾರವು. ಕಣ್ಣು ಬೆಳಕನ್ನು ಕ್ಷಣದ ಒಂದು ಅಂಶಕ್ಕಿಂತ ಹೆಚ್ಚು ಹೊತ್ತು ಕೂಡಿಡಲಾರದು. ಆದ್ದರಿಂದ ಛಾಯಾಚಿತ್ರದ ನೀಲಿ ತೋಳುಗಳು, ಕೆಂಪು ಹೈಡ್ರೋಜನ್ ಮೊಗ್ಗುಗಳು ಹತ್ತಿರ ಹೋದರೆ ಕಾಣುವ ನೋಟವಲ್ಲ. ಎಲ್ಲಿ ನಿಂತರೂ ಮನುಷ್ಯನ ಕಣ್ಣಿಗೆ ಅವು ಹಾಗೆ ಕಾಣವು. ಚಿತ್ರ ಕಣ್ಣಿನ ಬದಲಿಯಲ್ಲ. ಕಣ್ಣಿಗೆ ಎಂದೂ ದಕ್ಕದ ಆದರೆ ಬೆಳಕಿನಲ್ಲಿ ನಿಜವಾಗಿ ಇರುವ ಭೇದವನ್ನು ಅದು ಕಣ್ಣಿನ ಭಾಷೆಗೆ ತರುತ್ತದೆ.

ಪ್ರತ್ಯಕ್ಷದ ವ್ಯಾಖ್ಯೆಗೆ ಬಂದರೆ, ನ್ಯಾಯದರ್ಶನಕ್ಕೆ ಇಂದ್ರಿಯ ಮತ್ತು ಅರ್ಥಗಳ ಸನ್ನಿಕರ್ಷ, ಅಂದರೆ ಇಂದ್ರಿಯಕ್ಕೂ ವಸ್ತುವಿಗೂ ಸಂಪರ್ಕ, ಬೇಕೇ ಬೇಕು. ಕಣ್ಣು ತೇಜಸ್ಸಿನಿಂದಾದದ್ದು, ಅದರ ರಶ್ಮಿ ಹೊರಗೆ ಹೋಗಿ ವಸ್ತುವನ್ನು ಮುಟ್ಟುತ್ತದೆ ಎಂಬುದು ಆ ಮತ. ಬೌದ್ಧರು ಇದನ್ನು ಒಪ್ಪಲಿಲ್ಲ, ಜೈನರೂ ಒಪ್ಪಲಿಲ್ಲ. ಕೊಂಬೆಯನ್ನೂ ಅದರ ಹಿಂದಿನ ಚಂದ್ರನನ್ನೂ ಒಂದೇ ಸಲ ಕಾಣುತ್ತೇವಲ್ಲ, ಹತ್ತಿರದ್ದನ್ನು ಮುಟ್ಟಲು ಮತ್ತು ದೂರದ್ದನ್ನು ಮುಟ್ಟಲು ರಶ್ಮಿಗೆ ಬೇರೆಬೇರೆ ಕಾಲ ಹಿಡಿಯಬೇಕಿತ್ತಲ್ಲ ಎಂಬುದು ಆಕ್ಷೇಪ. ರಶ್ಮಿಯ ವೇಗ ಅತಿಯಾದದ್ದರಿಂದ ಕಾಲದ ಅಂತರ ತಿಳಿಯುವುದಿಲ್ಲ, ಸೂಜಿ ನೂರು ಕಮಲದ ದಳಗಳನ್ನು ಒಂದೊಂದಾಗಿ ಚುಚ್ಚಿದರೂ ಒಟ್ಟಿಗೆ ಚುಚ್ಚಿದಂತೆ ತೋರುವ ಹಾಗೆ ಎಂಬುದು ನೈಯಾಯಿಕರ ಉತ್ತರ. ಹೋಗುವ ದಿಕ್ಕು ತಪ್ಪು: ಬೆಳಕು ಕಣ್ಣಿನಿಂದ ಹೊರಡುವುದಿಲ್ಲ, ಕಣ್ಣಿಗೆ ಬರುತ್ತದೆ. ಆದರೆ ನೋಟಕ್ಕೆ ಕಾಲ ಹಿಡಿಯುತ್ತದೆ, ಒಂದೇ ನೋಟದಲ್ಲಿ ಭಿನ್ನ ಕಾಲಗಳು ಸೇರಿರುತ್ತವೆ ಎಂಬ ಒಳನೋಟ ಆ ವಾದದಲ್ಲಿ ಆಗಲೇ ಇತ್ತು. ಚಂದ್ರನ ಬೆಳಕು ಬರಲು ಒಂದೂಕಾಲು ಸೆಕೆಂಡಿಗಿಂತ ತುಸು ಹೆಚ್ಚು ಹಿಡಿಯುತ್ತದೆ. ಕೊಂಬೆಯ ಜೊತೆ ಕಾಣುವ ಚಂದ್ರ ಕೊಂಬೆಯ ಕ್ಷಣದವನಲ್ಲ.

ಆಂಡ್ರೊಮಿಡಾದ ಚಿತ್ರದಲ್ಲಿ ಈ ಭಿನ್ನಕಾಲ ವಿಪರೀತಕ್ಕೆ ಹೋಗುತ್ತದೆ. ಮುಂದೆ ಚೆಲ್ಲಿರುವ ಚುಕ್ಕೆಗಳಲ್ಲಿ ಹೆಚ್ಚಿನವು ಹಾಲುಹಾದಿಯ ನಕ್ಷತ್ರಗಳು, ಅವುಗಳ ಬೆಳಕು ನೂರಾರು ಸಾವಿರಾರು ವರ್ಷ ಹಳೆಯದು. ಗೆಲಾಕ್ಸಿಯ ಬೆಳಕು 25 ಲಕ್ಷ ವರ್ಷದ್ದು. ಅದೂ ಒಂದೇ ಕಾಲದ್ದಲ್ಲ: ಆಂಡ್ರೊಮಿಡಾ ನಮ್ಮ ಕಡೆಗೆ ಓರೆಯಾಗಿ ವಾಲಿರುವುದರಿಂದ ಅದರ ಆಚೆಯ ಅಂಚಿನ ಬೆಳಕು ಈಚೆಯ ಅಂಚಿನದಕ್ಕಿಂತ ಒಂದು ಲಕ್ಷ ವರ್ಷಕ್ಕೂ ಹಳೆಯದು. ಚಿತ್ರದಲ್ಲಿ ಒಟ್ಟಿಗೆ ಕಾಣುವ ಆ ಗೆಲಾಕ್ಸಿ ಹಾಗೆ ಒಟ್ಟಿಗೆ ಯಾವ ಕ್ಷಣದಲ್ಲೂ ಇರಲಿಲ್ಲ.

ಪ್ರತ್ಯಕ್ಷವು ವರ್ತಮಾನವನ್ನಷ್ಟೇ ಹಿಡಿಯುತ್ತದೆ, ಆದ್ದರಿಂದ ಧರ್ಮವನ್ನು ತಿಳಿಸಲಾರದು ಎಂದು ಜೈಮಿನಿಯ ಮೀಮಾಂಸಾಸೂತ್ರ ಹೇಳುತ್ತದೆ. ಈ ಅಳತೆ ಹಿಡಿದರೆ ಗೆಲಾಕ್ಸಿಯ ಚಿತ್ರ ಪ್ರತ್ಯಕ್ಷದ ಹೊರಗೆ ಬೀಳುತ್ತದೆ. ಆದರೆ ಎಂಟು ನಿಮಿಷ ಹಳೆಯ ಸೂರ್ಯನೂ ಹೊರಗೇ ಬೀಳುತ್ತಾನೆ, ಒಂದು ಕ್ಷಣಾಂಶದಷ್ಟು ಹಳೆಯದಾದ ಎದುರಿನ ಗೋಡೆಯೂ ಬೀಳುತ್ತದೆ. ಗೋಡೆಯನ್ನು ಉಳಿಸಿಕೊಳ್ಳಬೇಕಾದರೆ ವರ್ತಮಾನವೆಂದರೆ ವಸ್ತುವಿನದಲ್ಲ, ಬಂದು ಮುಟ್ಟುವ ಬೆಳಕಿನದು ಎಂದು ಒಪ್ಪಬೇಕಾಗುತ್ತದೆ. ಆಗ ವಸ್ತು ಏನಾಯಿತು? ಇಲ್ಲಿ ನೆರವಿಗೆ ಬರುವವರು ಸೌತ್ರಾಂತಿಕ ಬೌದ್ಧರು. ಎಲ್ಲವೂ ಕ್ಷಣಿಕ, ಜ್ಞಾನ ಹುಟ್ಟುವ ಹೊತ್ತಿಗೆ ಅದನ್ನು ಹುಟ್ಟಿಸಿದ ವಸ್ತು ಆಗಿಹೋಗಿರುತ್ತದೆ, ತನ್ನ ಆಕಾರವನ್ನು ಜ್ಞಾನದಲ್ಲಿ ಬಿಟ್ಟಿರುತ್ತದೆ, ಆ ಆಕಾರದಿಂದ ಹೊರಗಿನ ವಸ್ತುವನ್ನು ಅನುಮಾನಿಸಬೇಕು. ಹೊರವಸ್ತು ಅನುಮೇಯವೆಂಬ ಈ ಮತವನ್ನು ವಿಜಯನಗರದ ಕಾಲದಲ್ಲಿ, 14ನೆಯ ಶತಮಾನದಲ್ಲಿ, ಮಾಧವಾಚಾರ್ಯರ ಹೆಸರಿನಲ್ಲಿ ರಚಿತವಾದ ಸರ್ವದರ್ಶನಸಂಗ್ರಹ ಸೌತ್ರಾಂತಿಕರದೆಂದು ನಿರೂಪಿಸುತ್ತದೆ. ದಿನಬಳಕೆಯ ನೋಟಕ್ಕೆ ಅತಿಯೆನಿಸುವ ಈ ಸಿದ್ಧಾಂತ ಗೆಲಾಕ್ಸಿಗೆ ಅಳತೆ ಕೊಟ್ಟು ಹೊಲಿಸಿದಂತಿದೆ. ಸುರುಳಿಯ ತೋಳುಗಳನ್ನು ಬೆಳಗುವ ಅತಿಭಾರದ ನೀಲಿ ನಕ್ಷತ್ರಗಳ ಆಯುಸ್ಸು ಕೆಲವೇ ದಶಲಕ್ಷ ವರ್ಷ. ಚಿತ್ರದಲ್ಲಿ ಹೊಳೆಯುವ ಅಂಥವುಗಳಲ್ಲಿ ಕೆಲವು ಈಗಾಗಲೇ ಸಿಡಿದು ಮುಗಿದಿರುವುದು ಬಹುತೇಕ ಖಂಡಿತ. ಗೆಲಾಕ್ಸಿ ಒಟ್ಟಾರೆ ಈಗಲೂ ಇದೆ ಎಂಬುದೂ ಅನುಮಾನವೇ, ಬಲವಾದ ಅನುಮಾನ.

ಇಲ್ಲಿಗೇ ನಿಂತರೆ ಚಿತ್ರದ ಅರಿವಿಗೆ ಒಂದು ಬಗೆಯ ಎರಡನೆಯ ದರ್ಜೆ ಸಿಕ್ಕಂತಾಗುತ್ತದೆ. ದ್ವೈತ ವೇದಾಂತ ಅದನ್ನು ತಪ್ಪಿಸುವ ದಾರಿ ತೋರುತ್ತದೆ. ನೈಯಾಯಿಕರು ಸ್ಮೃತಿಯನ್ನು, ಅಂದರೆ ನೆನಪನ್ನು, ಪ್ರಮೆಯೆಂದು (ಸರಿಯಾದ ಜ್ಞಾನವೆಂದು) ಒಪ್ಪುವುದಿಲ್ಲ. ಮಧ್ವರ ಪರಂಪರೆ ಒಪ್ಪುತ್ತದೆ: ವಸ್ತು ಹೇಗಿದೆಯೋ ಹಾಗೆ ತಿಳಿಯುವುದೇ ಪ್ರಮಾಣ, ಆಗಿಹೋದದ್ದನ್ನು ಆಗಿಹೋದದ್ದೆಂದೇ ತಿಳಿದರೆ ಅದು ಯಥಾರ್ಥ. ಆ ಪರಂಪರೆಯ ಜಯತೀರ್ಥರ ಪ್ರಮಾಣಪದ್ಧತಿ ಈ ವಿಚಾರಗಳನ್ನು ಅಡಕವಾಗಿ ನಿರೂಪಿಸುವ ಗ್ರಂಥ. ಗೆಲಾಕ್ಸಿಯ ಚಿತ್ರ ಸ್ಮೃತಿಯಲ್ಲ, ನಿಜ. ಆದರೆ ಅದರ ವಿಷಯ ಭೂತಕಾಲದ್ದು, ಮತ್ತು ತಿಳಿದವರು ಅದನ್ನು ಭೂತವೆಂದೇ ತಿಳಿಯುತ್ತಾರೆ. ‘ಇದು 25 ಲಕ್ಷ ವರ್ಷ ಹಿಂದಿನ ಆಂಡ್ರೊಮಿಡಾ’ ಎಂಬ ಅರಿವಿನಲ್ಲಿ ಸುಳ್ಳಿಲ್ಲ. ‘ಇದು ಈಗಿನ ಆಂಡ್ರೊಮಿಡಾ’ ಎಂಬುದರಲ್ಲಿದೆ. ವರ್ತಮಾನವನ್ನೇ ಪಟ್ಟು ಹಿಡಿಯುವ ವ್ಯಾಖ್ಯೆಗಿಂತ ಯಥಾರ್ಥತೆಯನ್ನು ಕೇಳುವ ಈ ವ್ಯಾಖ್ಯೆ ಖಗೋಳಕ್ಕೆ ಹೆಚ್ಚು ಹೊಂದುತ್ತದೆ.

ಕಂಡದ್ದು ಸರಿಯಿದ್ದೂ ಅದರ ಮೇಲಿನ ಅನುಮಾನ ತಪ್ಪಬಹುದು ಎಂಬುದಕ್ಕೆ ಆಂಡ್ರೊಮಿಡಾದ ಛಾಯಾಚಿತ್ರಗಳ ಇತಿಹಾಸವೇ ನಿದರ್ಶನ. ಅದರ ಸುರುಳಿಯನ್ನು ಮೊದಲು ಹಿಡಿದವರು ಒಬ್ಬ ಹವ್ಯಾಸಿ. ವೇಲ್ಸ್‌ನಲ್ಲಿ ಹುಟ್ಟಿ ಲಿವರ್‌ಪೂಲಿನಲ್ಲಿ ಕಟ್ಟಡ ಕಟ್ಟಿಸುವ ವ್ಯವಹಾರ ಮಾಡಿದ ಐಸಾಕ್ ರಾಬರ್ಟ್ಸ್ 1888ರಲ್ಲಿ 20 ಅಂಗುಲದ ದರ್ಪಣ ದೂರದರ್ಶಕಕ್ಕೆ ಗಾಜಿನ ಪ್ಲೇಟು ಜೋಡಿಸಿ ಗಂಟೆಗಟ್ಟಲೆ ಬೆಳಕು ಕೂಡಿಸಿದರು. ಪ್ಲೇಟಿನ ಮೇಲೆ ಸುರುಳಿ ಸ್ಪಷ್ಟವಾಗಿತ್ತು. ಅವರು ಅದನ್ನು ಅರ್ಥಮಾಡಿಕೊಂಡದ್ದು ಅನಿಲದ ಮೋಡದಿಂದ ಹೊಸದೊಂದು ಸೌರವ್ಯೂಹ ರೂಪುಗೊಳ್ಳುತ್ತಿರುವ ದೃಶ್ಯವೆಂದು. ಚಿತ್ರದಲ್ಲಿ ದೋಷವಿರಲಿಲ್ಲ, ದೂರ ತಿಳಿದಿರಲಿಲ್ಲ, ಅಷ್ಟೇ.

ದೂರ ತಿಳಿದದ್ದು 1923ರ ಅಕ್ಟೋಬರ್‌ನಲ್ಲಿ ಎಡ್ವಿನ್ ಹಬಲ್ ಮೌಂಟ್ ವಿಲ್ಸನ್ನಿನ 100 ಅಂಗುಲದ ದೂರದರ್ಶಕದಿಂದ ತೆಗೆದ ಪ್ಲೇಟಿನಲ್ಲಿ ಒಂದು ಸೆಫೀಡ್ ಚರನಕ್ಷತ್ರ ಸಿಕ್ಕಾಗ. ಇದನ್ನು ನ್ಯಾಯದ ಪರಿಭಾಷೆಯಲ್ಲೇ ಹೇಳಬಹುದು. ಮಿನುಗಿನ ಅವಧಿ ಹೇತು. ಅವಧಿ ಹೆಚ್ಚಿದ್ದಷ್ಟೂ ನಿಜಪ್ರಕಾಶ ಹೆಚ್ಚು ಎಂಬುದು ವ್ಯಾಪ್ತಿ. ಅದನ್ನು ಹೆನ್ರಿಯೆಟಾ ಲೆವಿಟ್ ಚಿಕ್ಕ ಮೆಗಲಾನಿಕ್ ಮೋಡದ ಪ್ಲೇಟುಗಳಿಂದ ಕಂಡುಕೊಂಡು 1912ರಲ್ಲಿ ಪ್ರಕಟಿಸಿದ್ದರು. ನಿಜಪ್ರಕಾಶವನ್ನು ತೋರುವ ಪ್ರಕಾಶದೊಂದಿಗೆ ಹೋಲಿಸಿ ಹಬಲ್ ಸುಮಾರು ಒಂಬತ್ತು ಲಕ್ಷ ಜ್ಯೋತಿರ್ವರ್ಷವೆಂದು ಲೆಕ್ಕ ಹಾಕಿದರು. ಆಂಡ್ರೊಮಿಡಾ ಹಾಲುಹಾದಿಯ ಹೊರಗೆ ಹೋಯಿತು. ಆದರೆ ವ್ಯಾಪ್ತಿಯಲ್ಲಿ ಉಪಾಧಿಯೊಂದು, ಅಂದರೆ ಹೇಳದೆ ಉಳಿದ ಷರತ್ತೊಂದು, ಅಡಗಿತ್ತು: ಸೆಫೀಡ್‌ಗಳಲ್ಲಿ ಎರಡು ಬಗೆ, ಎರಡಕ್ಕೂ ಸಂಬಂಧ ಒಂದೇ ಅಲ್ಲ ಎಂದು ವಾಲ್ಟರ್ ಬಾಡೆ 1952ರಲ್ಲಿ ತೋರಿಸಿದಾಗ ದೂರಗಳು ಒಮ್ಮೆಲೇ ದುಪ್ಪಟ್ಟಾದವು. ಬೆಂಕಿಯಿಂದ ಹೊಗೆಯನ್ನು ಅನುಮಾನಿಸಬೇಕಾದರೆ ಸೌದೆ ಹಸಿಯಾಗಿರಬೇಕೆಂಬ ನೈಯಾಯಿಕರ ಎಚ್ಚರಿಕೆ ಇದೇ ಬಗೆಯದು. ಹಬಲ್ ಕಂಡ ಆ ನಕ್ಷತ್ರದ ಅವಧಿ ಸುಮಾರು 31 ದಿನ. ಅದನ್ನು ಇಂದಿನ ಹವ್ಯಾಸಿಗಳು ತಮ್ಮ ದೂರದರ್ಶಕಗಳಲ್ಲೇ ಹಿಂಬಾಲಿಸುತ್ತಾರೆ. ಹಬಲ್ ಬಾಹ್ಯಾಕಾಶ ದೂರದರ್ಶಕ ಅದರ ಚಿತ್ರ ತೆಗೆಯುವ ಮುನ್ನ ಏರಿಳಿತದ ವೇಳಾಪಟ್ಟಿ ಸಿದ್ಧವಾದದ್ದು ಅಮೆರಿಕದ ಚರನಕ್ಷತ್ರ ವೀಕ್ಷಕರ ಸಂಘದ ಸದಸ್ಯರ ಅಳತೆಗಳಿಂದ.

ಖಗೋಳಜ್ಞ ಅಡ್ರಿಯಾನ್ ವಾನ್ ಮಾನೆನ್ ಅವರದು ಇನ್ನೂ ಯೋಚನೆಗೆ ಹಚ್ಚುವ ಪ್ರಸಂಗ. ವರ್ಷಗಳ ಅಂತರದಲ್ಲಿ ತೆಗೆದ ಪ್ಲೇಟುಗಳನ್ನು ಹೋಲಿಸಿ ಸುರುಳಿ ನೀಹಾರಿಕೆಗಳು ಅಳತೆಗೆ ಸಿಗುವಷ್ಟು ತಿರುಗಿವೆ ಎಂದು ಅವರು ಅಳೆದರು. ಅದು ನಿಜವಾದರೆ ಅವು ಬಹಳ ದೂರ ಇರಲಾಗದು, ಇದ್ದರೆ ಅಂಚಿನ ವೇಗ ಬೆಳಕನ್ನು ಮೀರುತ್ತದೆ. ಈ ನೀಹಾರಿಕೆಗಳು ಹಾಲುಹಾದಿಯ ಒಳಗಿವೆಯೋ ಹೊರಗಿವೆಯೋ ಎಂಬ 1920ರ ಪ್ರಸಿದ್ಧ ಚರ್ಚೆಯಲ್ಲಿ ಖಗೋಳಜ್ಞ ಹಾರ್ಲೋ ಶಾಪ್ಲಿ ಇದನ್ನು ನಂಬಿದ್ದರು. ಆ ತಿರುಗುವಿಕೆ ಇರಲೇ ಇಲ್ಲ. ಮೋಸವೂ ಇರಲಿಲ್ಲ, ಅಳೆಯುವವರ ನಿರೀಕ್ಷೆ ಪ್ಲೇಟಿನ ಗದ್ದಲದೊಳಗೆ ಬೆರೆತಿತ್ತು ಎಂದಷ್ಟೇ ಹೇಳಬಹುದು.

ಈ ಬೆರಕೆಗೆ ಇಂದು ಹೊಸ ಯಂತ್ರವೊಂದು ಸಿಕ್ಕಿದೆ. ಗದ್ದಲ ಅಳಿಸಿ ಅಂಚು ತೀಡುವ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಸಾವಿರಾರು ಚಿತ್ರಗಳನ್ನು ನೋಡಿ ಕಲಿತಿರುತ್ತವೆ. ಗೆಲಾಕ್ಸಿಯ ಧೂಳಿನ ಪಟ್ಟಿ ಸಾಮಾನ್ಯವಾಗಿ ಹೇಗಿರುತ್ತದೆ ಎಂಬ ಕಲಿಕೆಯನ್ನು ಅವು ಎದುರಿನ ಮಸುಕಿನೊಳಗೆ ತುಂಬಬಲ್ಲವು. ಭ್ರಮೆಯ ಬಗ್ಗೆ ಪ್ರಾಭಾಕರ ಮೀಮಾಂಸಕರ ಅಖ್ಯಾತಿವಾದ ಹೇಳುವುದು ಇದನ್ನೇ. ಚಿಪ್ಪನ್ನು ಬೆಳ್ಳಿಯೆಂದುಕೊಂಡಾಗ ತಪ್ಪು ಜ್ಞಾನವೊಂದು ಹುಟ್ಟುವುದಿಲ್ಲ. ಎದುರಿಗಿರುವ ಹೊಳಪಿನ ಗ್ರಹಣ ಒಂದು, ಹಿಂದೆ ಕಂಡ ಬೆಳ್ಳಿಯ ಸ್ಮರಣೆ ಇನ್ನೊಂದು, ಅವೆರಡರ ಭೇದ ತಿಳಿಯದಿರುವುದೇ ಭ್ರಮೆ. ತಂತ್ರಾಂಶ ತೀಡಿದ ಚಿತ್ರದಲ್ಲಿ ಈ ರಾತ್ರಿಯ ಬೆಳಕಾವುದು, ಇತರರ ಚಿತ್ರಗಳ ನೆನಪಾವುದು ಎಂದು ಬೇರ್ಪಡಿಸಲು ಬಾರದಿದ್ದರೆ ಅದು ಸುಂದರವಾಗಿರಬಹುದು, ಪ್ರಮಾಣವಾಗಲಾರದು. ಬಣ್ಣ ಹಿಗ್ಗಿಸುವುದಕ್ಕೂ ಇದಕ್ಕೂ ವ್ಯತ್ಯಾಸವಿದೆ: ಹಿಗ್ಗಿಸುವಿಕೆ ಇದ್ದ ಅಂಕಿಗಳ ನಡುವಿನ ಅಂತರವನ್ನು ಬದಲಿಸುತ್ತದೆ, ಇಲ್ಲದ ಅಂಕಿಯನ್ನು ತರುವುದಿಲ್ಲ. ಸಂಸ್ಕರಿಸದ ಫ್ರೇಮ್‌ಗಳನ್ನು ಹವ್ಯಾಸಿಗಳು ಜೋಪಾನವಾಗಿ ಇಟ್ಟುಕೊಳ್ಳುವುದಕ್ಕೆ ಜ್ಞಾನಮೀಮಾಂಸೆಯ ಬೆಲೆ ಬರುವುದು ಇಲ್ಲಿ. ಸನ್ನಿಕರ್ಷ ನಡೆದದ್ದು ಅವುಗಳಲ್ಲಿ ಮಾತ್ರ.

ಒಂದು ಚಿತ್ರ ತಾನೇ ತನ್ನನ್ನು ಪ್ರಮಾಣವೆಂದು ಸ್ಥಾಪಿಸಬಲ್ಲದೇ? ಒಂದೇ ವಿಷಯಕ್ಕೆ ಹಲವು ಪ್ರಮಾಣಗಳು ಬಂದು ಸೇರಬಹುದೆಂಬ ಪ್ರಮಾಣಸಂಪ್ಲವ ನೈಯಾಯಿಕರ ಮತ; ಒಂದೊಂದು ಪ್ರಮಾಣಕ್ಕೆ ಅದರದೇ ವಿಷಯ ಎಂಬುದು ದಿಙ್ನಾಗನ ವ್ಯವಸ್ಥೆ. ಖಗೋಳದ ನಡವಳಿಕೆ ನೈಯಾಯಿಕರ ಕಡೆಗಿದೆ. 2022ರಲ್ಲಿ ಯಾನ್ ಸ್ಯಾಂಟಿ, ಮಾರ್ಸೆಲ್ ಡ್ರೆಕ್ಸ್‌ಲರ್, ಸೇವಿಯರ್ ಸ್ಟ್ರಾಟ್‌ನರ್ ಎಂಬ ಯುರೋಪಿನ ಹವ್ಯಾಸಿಗಳು ಆಮ್ಲಜನಕದ 500.7 ನ್ಯಾನೋಮೀಟರ್ ಬೆಳಕನ್ನಷ್ಟೇ ಬಿಡುವ ಫಿಲ್ಟರ್ ಹಾಕಿ ತೆಗೆದ ಫ್ರೇಮ್‌ಗಳಲ್ಲಿ ಆಂಡ್ರೊಮಿಡಾದ ಪಕ್ಕ ಉದ್ದನೆಯ ನೀಲಿ ಕಮಾನೊಂದು ಕಾಣಿಸಿತು. ಆಕಾಶದಲ್ಲಿ ಅತಿ ಹೆಚ್ಚು ಚಿತ್ರಿತವಾದ ಗೆಲಾಕ್ಸಿಯ ಮಗ್ಗುಲಲ್ಲಿ ಅಷ್ಟು ದೊಡ್ಡದೊಂದು ವಸ್ತು ಅಲ್ಲಿಯವರೆಗೆ ಯಾರಿಗೂ ಸಿಕ್ಕಿರಲಿಲ್ಲ. ಅಡ್ಡಬೆಳಕಿನ ಪ್ರತಿಫಲನವಿರಬಹುದೆಂಬುದು ಮೊದಲ ಸಂಶಯ. ಬೇರೆ ಊರುಗಳ ಬೇರೆ ದೂರದರ್ಶಕಗಳಲ್ಲೂ ಅದೇ ಕಮಾನು ಬಂದ ಮೇಲೆಯೇ ಅದು ವಸ್ತುವೆನಿಸಿತು, ವೃತ್ತಿಪರ ಖಗೋಳಜ್ಞರ ಜೊತೆಗೂಡಿ 2023ರಲ್ಲಿ ಪ್ರಕಟವಾಯಿತು. ಅದು ಆಂಡ್ರೊಮಿಡಾಕ್ಕೆ ಸೇರಿದ್ದೋ, ಎದುರಿಗೆ ಬಂದಿರುವ ಹಾಲುಹಾದಿಯ ಅನಿಲವೋ ಎಂಬ ಚರ್ಚೆ ಆಮೇಲೂ ನಡೆಯಿತು. ರಾಬರ್ಟ್ಸ್ ಎದುರಿಸಿದ ತೊಡಕೇ ಮತ್ತೆ: ಇರುವುದು ನಿಶ್ಚಯ, ದೂರ ಅನಿಶ್ಚಯ.

ಇಂಥ ಚಿತ್ರಗಳ ಎದುರು ವಿಶ್ವರೂಪದ ನೆನಪಾಗುವವರು ಬಹಳ. ಭಗವದ್ಗೀತೆಯ ಹನ್ನೊಂದನೆಯ ಅಧ್ಯಾಯದಲ್ಲಿ ಅರ್ಜುನನಿಗೂ ತನ್ನ ಕಣ್ಣು ಸಾಲಲಿಲ್ಲ, ದಿವ್ಯಚಕ್ಷು ಬೇಕಾಯಿತು. ಹೋಲಿಕೆ ಆಕರ್ಷಕ, ಆದರೆ ಅಲ್ಲಿಗೇ ಮುಗಿಯುತ್ತದೆ. ದಿವ್ಯಚಕ್ಷು ಅನುಗ್ರಹದಿಂದ ಒಬ್ಬನಿಗೆ ದೊರೆತದ್ದು. ಸೆನ್ಸರಿನ ನೋಟ ಅದೇ ಫಿಲ್ಟರ್ ಅದೇ ತಾಳ್ಮೆ ಇರುವ ಯಾರಿಗೂ ದೊರೆಯಬೇಕು, ದೊರೆಯದಿದ್ದರೆ ಅದು ಸುಳ್ಳು. ಇಷ್ಟು ದೊಡ್ಡ ವಿಶ್ವಕ್ಕೆ ಕರ್ತೃವೊಬ್ಬ ಇರಲೇಬೇಕು ಎಂಬ ಮಾತೂ ಚಿತ್ರದ ಬೆನ್ನಿಗೇ ಬರುತ್ತದೆ. ಈಶ್ವರಸಾಧನೆಯ ಅತ್ಯಂತ ಗಟ್ಟಿ ಪ್ರಯತ್ನವಾದ ಉದಯನನ ನ್ಯಾಯಕುಸುಮಾಂಜಲಿಯಲ್ಲಿ ಗಾತ್ರ ಹೇತುವೇ ಅಲ್ಲ. ಜಗತ್ತು ಕಾರ್ಯ, ಕಾರ್ಯಕ್ಕೆ ಕರ್ತೃ ಬೇಕು ಎಂಬುದು ಅಲ್ಲಿನ ವಾದಗಳಲ್ಲೊಂದು. ಅದಕ್ಕೆ ಒಂದು ಮೊಳಕೆಯಾದರೂ ಸಾಕು, ಗೆಲಾಕ್ಸಿ ಬೇಕಿಲ್ಲ. ಎದುರು ಪಕ್ಷದಲ್ಲಿ ಕುಮಾರಿಲಭಟ್ಟ ವೇದವನ್ನು ಒಪ್ಪಿಯೂ ಸೃಷ್ಟಿಕರ್ತನನ್ನು ಒಪ್ಪಲಿಲ್ಲ. ಜೈನರ ಲೋಕಾಕಾಶ ಹದಿನಾಲ್ಕು ರಜ್ಜುಗಳಷ್ಟು ಎತ್ತರದ್ದು, ರಜ್ಜು ಎಣಿಕೆಗೆ ಸಿಗದ ಅಳತೆ. ಆ ಅಗಾಧ ಲೋಕಕ್ಕೆ ಕರ್ತೃವೇ ಇಲ್ಲ. ದೊಡ್ಡದನ್ನು ಕಂಡ ಮಾತ್ರಕ್ಕೆ ಆಸ್ತಿಕತೆಗೆ ಸಾಧನವೂ ನಾಸ್ತಿಕತೆಗೆ ಬಾಧಕವೂ ಸಿಗುವುದಿಲ್ಲವೆಂಬುದರಲ್ಲಿ ಈ ಮತಗಳಿಗೆ ಭೇದವಿದ್ದಂತಿಲ್ಲ. ಚಿತ್ರ ನೋಡಿದಾಗ ಹುಟ್ಟುವ ಬೆರಗಿಗೆ ಜಾಗವಿರುವುದು ಪ್ರಮಾಣಶಾಸ್ತ್ರದಲ್ಲಲ್ಲ, ಭರತನ ನಾಟ್ಯಶಾಸ್ತ್ರದಲ್ಲಿ: ವಿಸ್ಮಯ ಸ್ಥಾಯಿಭಾವ, ಅದ್ಭುತ ರಸ, ದಿವ್ಯವಾದದ್ದರ ದರ್ಶನ ಅದರ ವಿಭಾವಗಳಲ್ಲೊಂದು.